ಸ್ಯಾಂಟೊರಿನಿಯಲ್ಲಿ ನೆಲಕಚ್ಚಿದ ದ್ರಾಕ್ಷಿ

ಟೂರ್ ಕಂಪನಿಗಳ ಗ್ರೀಸ್ ಪ್ಯಾಕೇಜಿನಲ್ಲಿ ಸ್ಯಾಂಟೊರಿನಿ ದ್ವೀಪದ ಪಾಲಿಗೆ ಬರುವುದು ಹೆಚ್ಚೆಂದರೆ ಎರಡು ರಾತ್ರಿ. ಇಯಾ ಎಂಬ ಊರಿನಲ್ಲಿ ಸೂರ್ಯಾಸ್ತ, ನೀಲಿ ಗುಮ್ಮಟದ ಚರ್ಚಿನ ಮುಂದೊಂದು ಫೋಟೊ, ಗಾಳಿಗೆ ಮಾರುದ್ದ ಹಾರುವ ಬಾಡಿಗೆ ಗೌನು ತೊಟ್ಟು ಇನ್ನೊಂದು ಫೋಟೊ, ಕಪ್ಪು ಮರಳಿನ ಬೀಚಿನಲ್ಲಿ ಅರ್ಧ ದಿನ. ಅಲ್ಲಿಗೆ ಮುಗಿಯಿತು. ಆ ದ್ವೀಪದಲ್ಲಿ ಒಂದು ಬೆಳೆ ಇದೆ, ಜ್ವಾಲಾಮುಖಿ ಉಗುಳಿದ ಬೂದಿಯಲ್ಲಿ ಬಹುಪಾಲು ಮಳೆ-ಇಬ್ಬನಿಯನ್ನೇ ನಂಬಿ ಬದುಕಿದೆ, ಈಗ ನಮ್ಮಂಥವರು ದಂಡುಗಟ್ಟಿ ಹೋಗುತ್ತಿರುವುದರಿಂದಲೇ ಕಂಗೆಟ್ಟಿದೆ ಎನ್ನುವುದು ನಾನು ನೋಡಿದ ಯಾವ ಕರಪತ್ರದಲ್ಲೂ ಇರಲಿಲ್ಲ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು. ನಮ್ಮ ಮನೆಯಲ್ಲಿ ಹಬ್ಬ ಹುಣ್ಣಿಮೆಗಿಂತ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿಗಳ ಲೆಕ್ಕವೇ ದೊಡ್ಡದು. ದ್ರಾಕ್ಷಿ ಪಡದ ಬಳ್ಳಿ ಕತ್ತರಿಸುವ ಆ ದಿನಗಳಲ್ಲಿ ಮದುವೆ ಮುಹೂರ್ತವನ್ನೂ ಮುಂದೂಡಿದ್ದುಂಟು. ಮಗಳು ಜರ್ಮನಿಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ರಜೆ ಸಿಕ್ಕಿದ್ದು ಆಗಸ್ಟ್ ಕೊನೆಯಲ್ಲಿ, ಹೀಗಾಗಿ ನಾನೂ ನನ್ನ ಹೆಂಡತಿಯೂ ಅವಳ ಜೊತೆ ಅಲ್ಲಿಗೆ ಹೋದದ್ದು ಜನಜಂಗುಳಿಯ ಕಾಲದಲ್ಲೇ. ಇಯಾದ ಓಣಿಯಲ್ಲಿ ಸೂರ್ಯ ಮುಳುಗುವುದನ್ನು ಜನರ ಎತ್ತಿದ ಮೊಬೈಲುಗಳ ಸಂದಿಯಲ್ಲಿ ನೋಡಿದೆವು. ಅದರ ಬಗ್ಗೆ ಹೇಳುವುದು ಇಷ್ಟೇ.

ಮರುದಿನ ಪಿರ್ಗೊಸ್ ಎಂಬ ಹಳ್ಳಿಯ ಕಡೆ ಹೊರಟಾಗ ರಸ್ತೆಯ ಎರಡೂ ಬದಿ ಬೂದು ನೆಲ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಗುಪ್ಪೆ. ಅದು ದ್ರಾಕ್ಷಿ ಎಂದು ಮಗಳು ಹೇಳಿದ್ದೇ ತಡ, ಹೆಂಡತಿ ಕಾರು ನಿಲ್ಲಿಸಿದಳು. "ಇದೇನ್ರೀ, ಬಳ್ಳಿ ಎಲ್ಲಾ ನೆಲಕ್ಕ ಬಿದ್ದಾವು! ಚಪ್ಪರ ಹಾಕಾಕ ತಂತಿ ಸಿಗಲಿಲ್ಲೇನು ಇವರಿಗೆ?"

ತಂತಿಯ ಕೊರತೆಯಲ್ಲ, ಗಾಳಿಯ ಕಾಟ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಅಲ್ಲಿ ಚಪ್ಪರ ನಿಲ್ಲಗೊಡುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಬಳ್ಳಿಯ ಕಡ್ಡಿಗಳನ್ನು ಒಂದರ ಸುತ್ತ ಒಂದು ಬಾಗಿಸಿ ಹೆಣೆಯುತ್ತಾರೆ. ವರ್ಷವರ್ಷವೂ ಹೊಸ ಕಡ್ಡಿ ಹಳೆಯದರ ಮೇಲೆ ಸುತ್ತಿಕೊಂಡು, ಕೊಡ ಹೊರುವ ಹೆಂಗಸರು ತಲೆಗಿಡುವ ಸಿಂಬಿಯ ಹಾಗೆ ಆಗುತ್ತದೆ. ಅಲ್ಲಿಯವರು ಅದಕ್ಕೆ ಕುಲೂರಾ ಎನ್ನುತ್ತಾರೆ. ಹೊಲದಲ್ಲಿದ್ದ, ಎಪ್ಪತ್ತು ದಾಟಿದ ರೈತರೊಬ್ಬರು ನಮ್ಮನ್ನು ಕರೆದು ಮಂಡಿಯೂರಿ ಕುಳಿತು ಎಲೆ ಸರಿಸಿದರು. ಗೊಂಚಲುಗಳೆಲ್ಲ ಒಳಗೆ, ಗಾಳಿಗೂ ಬಿಸಿಲಿಗೂ ಮರೆಯಾಗಿ. ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಕೀಳಬೇಕೆಂದರೆ ಪ್ರತಿ ಬಳ್ಳಿಯ ಮುಂದೂ ಹೀಗೇ ಮಂಡಿಯೂರಬೇಕು. ಈ ಪಡದಲ್ಲಿ ಯಂತ್ರ ಕಾಲಿಡುವಂತಿಲ್ಲ. ಆಮೇಲೆ ಅವರು ಒಂದು ಬಿಳಿ ಕಲ್ಲು ಎತ್ತಿ ನನ್ನ ಅಂಗೈಗಿಟ್ಟರು. ಮುಷ್ಟಿಗಾತ್ರದ ಕಲ್ಲು, ತೂಕವೇ ಇಲ್ಲ. ಅದು ಪ್ಯೂಮಿಸ್, ಮೈತುಂಬ ತೂತಿರುವ ಜ್ವಾಲಾಮುಖಿ ಕಲ್ಲು. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಈ ಕಲ್ಲು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದಂತೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಪಡ ಉಳಿಸಿಕೊಂಡ ಊರಿನವನಿಗೆ ಈ ಮಾತು ಕೇಳಿ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಆ ನೆಲದಲ್ಲಿ ಇನ್ನೊಂದು ವಿಶೇಷವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹುಳು ಯುರೋಪಿನ ದ್ರಾಕ್ಷಿಯನ್ನು ಹೆಚ್ಚುಕಡಿಮೆ ನಿರ್ನಾಮ ಮಾಡಿತು. ಆಮೇಲೆ ಅಲ್ಲಿಯವರು ಅಮೆರಿಕದ ಬೇರಿನ ಮೇಲೆ ತಮ್ಮ ತಳಿ ಕಸಿ ಕಟ್ಟಿ ಬೆಳೆಸುವುದನ್ನು ಕಲಿತರು. ನಮ್ಮಲ್ಲಿ ಉಪ್ಪುನೀರು, ಬರ ತಡೆಯಲಿ ಎಂದು ಥಾಮ್ಸನ್ ತಳಿಯನ್ನು ಕಸಿ ಮಾಡುವ ಡಾಗ್ರಿಡ್ಜ್ ಬೇರು ಕೂಡ ಮೂಲತಃ ಅಮೆರಿಕದ್ದೇ. ಸ್ಯಾಂಟೊರಿನಿಯ ಬೂದಿಯಲ್ಲಿ ಜೇಡಿ ಇಲ್ಲ, ಆ ಹುಳು ಅಲ್ಲಿ ಬದುಕಲಾರದು. ಹೀಗಾಗಿ ಅಲ್ಲಿನ ಅಸಿರ್ಟಿಕೊ ತಳಿಯ ಬಳ್ಳಿ ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿದೆ. ಕೆಲವು ದಶಕಗಳಾದ ಮೇಲೆ ಸಿಂಬಿ ಮುದಿಯಾಗಿ ಇಳುವರಿ ಕುಗ್ಗಿದರೆ ಅದನ್ನು ಬುಡಕ್ಕೆ ಕತ್ತರಿಸುತ್ತಾರೆ. ಅದೇ ಬೇರು ಮತ್ತೆ ಚಿಗುರುತ್ತದೆ, ಮತ್ತೆ ಹೆಣೆಯುತ್ತಾರೆ. ನೂರಾರು ವರ್ಷದ ಬೇರುಗಳು ಹೀಗೆ ಉಳಿದಿವೆ. ಸುಮಾರು 3,600 ವರ್ಷಗಳ ಹಿಂದಿನ ಮಹಾಸ್ಫೋಟದಲ್ಲಿ ಹೂತುಹೋದ ಅಕ್ರೊತಿರಿ ಪಟ್ಟಣವನ್ನು 1967ರಿಂದ ಪುರಾತತ್ವಜ್ಞ ಸ್ಪಿರಿಡನ್ ಮರಿನಾಟೋಸ್ ಅಗೆಸಿದರು. ಅದನ್ನು ನೋಡಲು ಎಲ್ಲರೂ ಟಿಕೆಟ್ ಕೊಂಡು ಸಾಲಲ್ಲಿ ನಿಲ್ಲುತ್ತಾರೆ. ರಸ್ತೆ ಬದಿಯಲ್ಲಿ ಇನ್ನೂ ಫಲ ಕೊಡುತ್ತಿರುವ ಪುರಾತನ ವಸ್ತುವಿನ ಪಕ್ಕದಲ್ಲಿ ಬಾಡಿಗೆ ಬೈಕು ಬುರ್ರನೆ ಹೋಗುತ್ತದೆ.

ಹೊಲದ ಅಂಚಿನಲ್ಲಿ ದ್ರಾಕ್ಷಿ ಒಣಹಾಕಿದ್ದರು. ನಾವು ಪೊಟ್ಯಾಶಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ರ‍್ಯಾಕಿನ ಮೇಲೆ ಒಣಗಿಸುತ್ತೇವೆ. ಅವರು ನೇರ ಬಿಸಿಲಿಗೆ ನೆಲದ ಮೇಲೆ ಹರವಿ ಹನ್ನೆರಡು ಹದಿನಾಲ್ಕು ದಿನ ಬಿಡುತ್ತಾರೆ. ಒಣಗಿದ್ದನ್ನು ಹಿಂಡಿ, ಹುಳಿಬರಿಸಿ, ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಟ್ಟರೆ ವಿನ್‌ಸಾಂಟೊ ಎಂಬ ಸಿಹಿ ವೈನು. ರೈತರು ಕೊಟ್ಟ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಹೆಂಡತಿ ಕೊಟ್ಟ ತೀರ್ಪು: "ರುಚಿ ಐತಿ, ಆದ್ರ ಬೀಜ ಅದಾವು. ಸಾಂಗಲಿ ಪ್ಯಾಟ್ಯಾಗ ಇದು ನಡಿಯಂಗಿಲ್ಲ." ಸಾಂಗಲಿಯಲ್ಲಿ ನಡೆಯದಿದ್ದರೇನಂತೆ, ಒಂದು ಕಾಲಕ್ಕೆ ರಷ್ಯಾದಲ್ಲಿ ನಡೆಯಿತು. ಅಲ್ಲಿನ ಚರ್ಚುಗಳ ಪೂಜೆಗೆ ಈ ವೈನು ಬೇಕಾಗಿತ್ತು. ಇಯಾದ ಹಡಗು ಮಾಲೀಕರು ಕಪ್ಪುಸಮುದ್ರದ ಬಂದರುಗಳಿಗೆ ಸಾಗಿಸುತ್ತಿದ್ದರು. 1917ರ ಕ್ರಾಂತಿಯೊಂದಿಗೆ ಆ ಮಾರುಕಟ್ಟೆ ಮುಚ್ಚಿತು. ನಾವು ಮುಗಿಬಿದ್ದು ಫೋಟೊ ಹೊಡೆಯುವ ಇಯಾದ ಸಾಹುಕಾರರ ಮನೆಗಳ ಹಿಂದೆ ಹಡಗಿನ ಸಂಪಾದನೆಯಿದೆ, ಆ ಹಡಗುಗಳಲ್ಲಿ ದ್ರಾಕ್ಷಿಯ ಪೀಪಾಯಿಗಳೂ ಇದ್ದವು.

ಈಗ ಕಥೆ ತಿರುವುಮುರುವಾಗಿದೆ. ದ್ರಾಕ್ಷಿಯಿಂದ ಎದ್ದ ಊರುಗಳು ದ್ರಾಕ್ಷಿಯನ್ನೇ ನುಂಗುತ್ತಿವೆ. 1956ರ ಜುಲೈ ಭೂಕಂಪದಲ್ಲಿ 50ಕ್ಕೂ ಹೆಚ್ಚು ಜನ ಸತ್ತು, ಮನೆಗಳು ಕುಸಿದು, ಬಹಳ ಮಂದಿ ದ್ವೀಪ ಬಿಟ್ಟರು. ಆಮೇಲೆ ಬಂದದ್ದು ಪ್ರವಾಸೋದ್ಯಮ. 76 ಚದರ ಕಿಲೊಮೀಟರ್ ನೆಲ, ಹದಿನೈದು ಸಾವಿರದ ಆಸುಪಾಸು ನಿವಾಸಿಗಳು, ವರ್ಷಕ್ಕೆ 30 ಲಕ್ಷ ಮೀರಿದ ಅತಿಥಿಗಳು. ದ್ರಾಕ್ಷಿಗೆ ಉಳಿದಿರುವುದು ಸಾವಿರ ಹೆಕ್ಟೇರಿನ ಆಸುಪಾಸು, ಅದೂ ಕರಗುತ್ತಿದೆ. ಸುಗ್ಗಿ ಬರುವುದು ಆಗಸ್ಟಿನಲ್ಲಿ, ಹೋಟೆಲುಗಳು ತುಂಬಿ ತುಳುಕುವುದೂ ಆಗಸ್ಟಿನಲ್ಲೇ. ತಂಪು ಕೋಣೆಯಲ್ಲಿ ಹಾಸಿಗೆ ಹಾಸುವ ಕೆಲಸ ಬಿಟ್ಟು ಬಿಸಿಲಲ್ಲಿ ಮಂಡಿಯೂರಲು ಹುಡುಗರು ಯಾಕೆ ಬಂದಾರು? ಪಡ ಹರಿದು ನಾಲ್ಕು ಕೋಣೆ, ಒಂದು ಈಜುಕೊಳ ಕಟ್ಟಿಸಿದವನ ಲೆಕ್ಕಾಚಾರ ರೈತನಾದ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವನನ್ನು ಬೈಯಲು ನನಗೆ ಬಾಯಿಲ್ಲ. ಬರಗಾಲದ ವರ್ಷಗಳಲ್ಲಿ ಫಸಲು ಇಷ್ಟು ಕುಸಿದಿದೆಯೆಂದರೆ ದ್ರಾಕ್ಷಿಯ ದರ ಕಿಲೋಗೆ ಐದು ಯೂರೋ ದಾಟಿದೆ. ಅಸಿರ್ಟಿಕೊ ಬಾಟಲಿ ದುಬಾರಿ ಎಂದು ಪಕ್ಕದ ಮೇಜಿನವರು ಗೊಣಗುವಾಗ ನನಗೆ ನಗು ಬಂತು. ಸೂರ್ಯಾಸ್ತ ಕಾಣುವ ಕುರ್ಚಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಬಂದವರು ಅವರು.

ಕುರ್ಚಿ ಎಂದಾಗ ಬೀಚಿನ ಮಾತಿಗೆ ಬರಬೇಕು. ಕಮಾರಿ, ಪೆರಿಸ್ಸಾ, ಪೆರಿವೊಲೊಸ್, ಇವೆಲ್ಲ ಕಪ್ಪು ಮರಳಿನ ತೀರಗಳು. ನೋಡಲು ಚೆಂದ, ಮಧ್ಯಾಹ್ನ ಬರಿಗಾಲಲ್ಲಿ ನಡೆದರೆ ಅಂಗಾಲು ಬೊಬ್ಬೆ. ಕಮಾರಿಗೂ ಪೆರಿಸ್ಸಾಕ್ಕೂ ನಡುವೆ ನಿಂತ ಮೆಸಾ ವುನೊ ಬೆಟ್ಟದ ನೆತ್ತಿಯಲ್ಲಿ ಪ್ರಾಚೀನ ಥೀರಾ ನಗರದ ಅವಶೇಷಗಳಿವೆ. ನನಗೆ ಹಿಡಿಸಿದ್ದು ದಕ್ಷಿಣ ತುದಿಯ ವ್ಲಿಹಾಡಾ. ಗಾಳಿ ಕೊರೆದ ಪ್ಯೂಮಿಸ್ ಬಂಡೆಗಳು ಗೋಡೆಯಂತೆ ಎದ್ದಿವೆ. ಹತ್ತಿರದಲ್ಲೇ ಹಳೆಯ ಟೊಮೆಟೊ ಕಾರ್ಖಾನೆ ಈಗ ವಸ್ತುಸಂಗ್ರಹಾಲಯವಾಗಿದೆ. ಇನ್ನೊಂದು ಬೀಚಿನಲ್ಲಿ, ಅದರ ಹೆಸರು ಬೇಡ, ಮುಂದಿನ ಸಾಲಿನ ಎರಡು ಮಂಚ, ಒಂದು ಕೊಡೆಗೆ ಐವತ್ತು ಯೂರೋ ಕೇಳಿದರು. ಟವೆಲ್ ಹಾಸಿ ನೆಲದಲ್ಲಿ ಕೂತರೆ ಹುಡುಗನೊಬ್ಬ ಬಂದು ಏಳಿಸಲು ನೋಡಿದ. ಮಗಳು ಏಳಲಿಲ್ಲ. ಕಾನೂನು ಅವಳಿಗೆ ಗೊತ್ತಿತ್ತು.

ಗ್ರೀಸಿನಲ್ಲಿ ಕಡಲತೀರ ಸಾರ್ವಜನಿಕ ಸ್ವತ್ತು. 2023ರ ಬೇಸಿಗೆಯಲ್ಲಿ ಪಾರೊಸ್ ದ್ವೀಪದ ನಿವಾಸಿಗಳು, ಮಂಚಗಳ ಕಾಟಕ್ಕೆ ತಮ್ಮ ಊರಿನ ಬೀಚಿನಲ್ಲೇ ಕೂರಲು ಜಾಗವಿಲ್ಲ ಎಂದು ಟವೆಲ್ ಹಿಡಿದು ಚಳವಳಿ ಮಾಡಿದರು. ಅದು ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ಸರ್ಕಾರ ಹೊಸ ಕಾನೂನು ತಂದಿತು: ಬೀಚಿನ ಕನಿಷ್ಠ ಅರ್ಧ ಭಾಗ ಖಾಲಿ ಇರಬೇಕು, ಸಂರಕ್ಷಿತ ತೀರಗಳಲ್ಲಿ ಶೇ 70ರಷ್ಟು, ಮಂಚಗಳು ನೀರಿನಿಂದ ನಾಲ್ಕು ಮೀಟರ್ ದೂರವಿರಬೇಕು, ಉಲ್ಲಂಘಿಸಿದರೆ ಮೊಬೈಲ್ ಆ್ಯಪಿನಲ್ಲಿ ಯಾರು ಬೇಕಾದರೂ ದೂರು ಕೊಡಬಹುದು. ಜನ ಒತ್ತಾಯಿಸಿದರು, ಸರ್ಕಾರ ಅಳತೆ ಹಾಕಿ ಗೆರೆ ಎಳೆಯಿತು. ಇಂಥದೇ ಖಡಾಖಂಡಿತ ಗೆರೆ ದ್ರಾಕ್ಷಿ ಪಡಕ್ಕೂ ಬೇಕು ಎಂಬುದು ನನ್ನ ವಾದ. ಇಷ್ಟು ಹೆಕ್ಟೇರಿನಲ್ಲಿ ಗುದ್ದಲಿ ಹಾಕುವಂತಿಲ್ಲ ಎಂದು ನಕ್ಷೆಯಲ್ಲಿ ಬರೆದುಬಿಡಬೇಕು. ಬೀಚಿನ ಮಂಚವನ್ನು ನಾಳೆ ಬೆಳಿಗ್ಗೆ ಎತ್ತಬಹುದು, ಕಾಂಕ್ರೀಟ್ ಸುರಿದ ಪಡದಲ್ಲಿ ಇನ್ನೂರು ವರ್ಷದ ಬೇರನ್ನು ಯಾರೂ ಮರಳಿ ನೆಡಲಾರರು.

ಹಡಗುಗಳ ವಿಚಾರದಲ್ಲೂ ಅವರು ಸ್ವಲ್ಪ ಎಚ್ಚೆತ್ತಿದ್ದಾರೆ. 2024ರ ಜುಲೈನಲ್ಲಿ ಒಂದೇ ದಿನ ಕ್ರೂಸ್ ಹಡಗುಗಳಿಂದ 17,000 ಜನ ಇಳಿದಿದ್ದರು. ಮರುವರ್ಷದಿಂದ ದಿನಕ್ಕೆ 8,000 ಎಂಬ ಮಿತಿ ಬಂತು, 2025ರ ಜುಲೈನಿಂದ ಬೇಸಿಗೆಯಲ್ಲಿ ತಲೆಗೆ 20 ಯೂರೋ ಶುಲ್ಕವೂ ಬಂತು. ಹೆಚ್ಚಾಯಿತು ಎನ್ನುವವರಿದ್ದಾರೆ, ನನ್ನ ಪ್ರಕಾರ ಕಡಿಮೆಯೇ. ನಾಲ್ಕು ತಾಸು ಇದ್ದು, ಒಂದು ಐಸ್‌ಕ್ರೀಂ ತಿಂದು, ನೀರು ಖರ್ಚು ಮಾಡಿ, ಕಸ ಬಿಟ್ಟು ಹಡಗು ಹತ್ತುವವರಿಂದ ಊರಿಗೆ ಏನು ದಕ್ಕುತ್ತದೆ? ಆ 20 ಯೂರೋದಲ್ಲಿ ಒಂದು ಪಾಲು ಬಳ್ಳಿ ಹೆಣೆಯುವ ಕೈಗಳಿಗೆ ಕೂಲಿಯಾಗಿ ಹೋದರೆ ಎಷ್ಟೋ ಪಡಗಳು ಉಳಿದಾವು. ಇಟಲಿಯ ಪಾಂಟೆಲೆರಿಯಾ ದ್ವೀಪದಲ್ಲೂ ಗಾಳಿಗೆ ಹೆದರಿ ದ್ರಾಕ್ಷಿಯನ್ನು ಗುಂಡಿಯಲ್ಲಿ ಕುಳ್ಳಗೆ ಬೆಳೆಸುತ್ತಾರೆ. ಆ ಪದ್ಧತಿಯನ್ನು ಯುನೆಸ್ಕೊ 2014ರಲ್ಲಿ ಪಾರಂಪರಿಕ ಪಟ್ಟಿಗೆ ಸೇರಿಸಿತು. ಬಿರುದು ಸಿಕ್ಕರೆ ಸಂತೋಷವೇ. ಆದರೆ ಸುಗ್ಗಿಗೆ ಆಳು ಸಿಗುವುದು ಬಿರುದಿನಿಂದಲ್ಲ, ಬೆಲೆಯಿಂದ.

ನಮ್ಮವರಲ್ಲಿ ಬಹಳ ಮಂದಿ ವೈನ್ ಎಂದ ಕೂಡಲೇ ಅದು ನಮಗಲ್ಲ ಎಂದು ಮುಖ ತಿರುಗಿಸುತ್ತಾರೆ. ನನ್ನ ಹೆಂಡತಿ ಕುಡಿಯುವವಳಲ್ಲ, ಮುಟ್ಟಲೂ ಇಲ್ಲ. ಆದರೆ ವೊಥೊನಾಸ್ ಎಂಬಲ್ಲಿ ನೆಲದಡಿಯ ಗುಹೆಯಲ್ಲಿರುವ ವೈನ್ ಮ್ಯೂಸಿಯಮ್ಮಿನಿಂದ ಅವಳನ್ನು ಹೊರಗೆ ಕರೆತರುವುದು ಕಷ್ಟವಾಯಿತು. ಗಾಣ, ಪೀಪಾಯಿ, ದ್ರಾಕ್ಷಿ ತುಳಿಯುವ ತೊಟ್ಟಿ ಒಂದೊಂದನ್ನೂ ಮುಟ್ಟಿ ನೋಡುವಾಸೆ ಅವಳಿಗೆ. ಕುಡಿಯುವುದು ಬಿಡುವುದು ಅವರವರ ಮನೆಯ ವಿಚಾರ. ಬೆಳೆ ನೋಡಲು ಮಡಿವಂತಿಕೆ ಯಾಕೆ?

ಹೋಗುವ ಯೋಚನೆಯಿದ್ದರೆ ಜುಲೈ, ಆಗಸ್ಟ್ ಬಿಡಿ. ಮೇ ತಿಂಗಳೋ ಸೆಪ್ಟೆಂಬರ್ ಕೊನೆಯೋ ಆಗಲಿ. ಇಯಾದ ಒಂದು ಸಂಜೆ ಕಡಿಮೆ ಮಾಡಿ ಪಿರ್ಗೊಸ್, ಮೆಗಾಲೊಹೋರಿ ಹಳ್ಳಿಗಳಿಗೆ ಒಂದು ಪೂರ್ತಿ ದಿನ ಕೊಡಿ ಎಂದು ಏಜೆಂಟರಿಗೆ ಬುಕಿಂಗ್ ಹೊತ್ತಿಗೇ ಹೇಳಿ. ವೈನ್ ಕೊಳ್ಳುವವರು ಅಲ್ಲಿನ ಬೆಳೆಗಾರರ ಸಹಕಾರಿ ಸಂಘದಲ್ಲೋ ಸಣ್ಣ ಕುಟುಂಬಗಳ ಮಳಿಗೆಯಲ್ಲೋ ಕೊಳ್ಳಿ, ಚೌಕಾಸಿ ಮಾಡಬೇಡಿ. ಫೋಟೊ ಬೇಕೇ ಬೇಕಾದರೆ ರಸ್ತೆಯಲ್ಲಿ ನಿಂತು ತೆಗೆಯಿರಿ. ಗೌನು ತೊಟ್ಟು ಪಡದೊಳಗೆ ಇಳಿಯಬೇಡಿ, ಬಳ್ಳಿ ಇರುವುದು ಕಾಲಮಟ್ಟದಲ್ಲಿ.