ಕೆಲಸದ ವೇಗವು ಗಡಿಯಾರವಾಗಬಾರದು

ಬಿಕ್ಕೋಡಿನ ಸುತ್ತಣ ಕಾಫಿ ತೋಟವೊಂದರಲ್ಲಿ ಕೊಯ್ಲು ನಡೆದಿದೆಯೆಂದು ಭಾವಿಸೋಣ. ಮೇಸ್ತ್ರಿಯ ಬಳಿ ಗಡಿಯಾರವಿಲ್ಲ. ಒಂದು ಬುಟ್ಟಿ ಹಣ್ಣು ತುಂಬಿದರೆ ಅರ್ಧ ಗಂಟೆ ಕಳೆಯಿತೆಂದು ಆತನ ಲೆಕ್ಕ. ಬೆಳಗಿನ ಹುರುಪಿನಲ್ಲಿ ಈ ಲೆಕ್ಕವು ಸರಿಹೋಗುವುದು. ಬಿಸಿಲೇರಿ ಕೈಗಳು ನಿಧಾನವಾದ ಮೇಲೆ, ಹೊತ್ತು ಮುಳುಗುತ್ತಿದ್ದರೂ ಮೇಸ್ತ್ರಿಯ ಲೆಕ್ಕದಲ್ಲಿ ಇನ್ನೂ ಮಧ್ಯಾಹ್ನವೇ! ಇದರಲ್ಲಿ ಕೊಯ್ಯುವವರ ತಪ್ಪೇನೂ ಇಲ್ಲ. ಕೆಲಸವನ್ನು ಎಣಿಸಿ, ಅದನ್ನೇ ಕಾಲವೆಂದು ತಿಳಿದದ್ದು ತಪ್ಪು.

ನಮ್ಮ ಕಂಪ್ಯೂಟರುಗಳೂ ಈ ತಪ್ಪಿನಲ್ಲಿ ಸಿಲುಕಿದ್ದುಂಟು. 1993ರಲ್ಲಿ ಬಂದ ಪೆಂಟಿಯಂ ಪ್ರೊಸೆಸರಿನೊಳಗೆ ಒಂದು ಎಣಿಕೆಯಂತ್ರವಿದ್ದಿತು. ಪ್ರೊಸೆಸರಿನ ಪ್ರತಿಯೊಂದು ಮಿಡಿತಕ್ಕೂ ಅದರ ಎಣಿಕೆ ಒಂದೊಂದರಂತೆ ಏರುತ್ತಿದ್ದಿತು. ಆ ಎಣಿಕೆಯನ್ನು ಸೆಕೆಂಡಿಗೆ ಇಷ್ಟು ಮಿಡಿತವೆಂಬ ಸಂಖ್ಯೆಯಿಂದ ಭಾಗಿಸಿದರೆ ಕಾಲವು ದೊರೆಯುವುದಷ್ಟೆ. ಆದರೆ 2000ದ ಸುಮಾರಿಗೆ, ವಿದ್ಯುತ್ತನ್ನು ಉಳಿಸುವುದಕ್ಕಾಗಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳಬಲ್ಲ ಪ್ರೊಸೆಸರುಗಳು ಲ್ಯಾಪ್‌ಟಾಪುಗಳಿಗೆ ಬಂದುವು. ಭಾಜಕವು ಹಳೆಯದಾಗಿಯೇ ಉಳಿದು ಮಿಡಿತವು ಬದಲಾದಾಗ ಲೆಕ್ಕವು ಕೆಟ್ಟಿತು. ಆಪರೇಟಿಂಗ್ ಸಿಸ್ಟಮ್ಮುಗಳು ಬೇರೊಂದು ಗಡಿಯಾರವನ್ನು ಆಶ್ರಯಿಸಬೇಕಾಯಿತು. ಅಂತಹ ಗಡಿಯಾರವು 1981ರ ಐಬಿಎಂ ಪಿಸಿಯಲ್ಲಿಯೇ ಇದ್ದಿತು. ಸೆಕೆಂಡಿಗೆ ಸುಮಾರು 11,93,182 ಮಿಡಿತಗಳ ಮೇಲೆ ನಡೆಯುವ ಪ್ರತ್ಯೇಕ ಟೈಮರು ಅದು. ಮುಂದೆ ಪ್ರೊಸೆಸರುಗಳ ನಿರ್ಮಾಪಕರೂ ಪಾಠ ಕಲಿತು, ಕೆಲಸದ ವೇಗವು ಏರಲಿ ಇಳಿಯಲಿ, ಒಂದೇ ಸಮನಾಗಿ ಏರುವ ಎಣಿಕೆಯಂತ್ರವನ್ನು ಒಳಗೇ ಅಳವಡಿಸಿದರು.

ಹಾಗಾದರೆ ಈಗ ಚಿಂತೆಯೇಕೆ? ಹಳೆಯ ಅಭ್ಯಾಸವು ಇನ್ನೂ ಹೋಗಿಲ್ಲವೆಂಬುದೇ ನಮ್ಮ ಚಿಂತೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಬಳಸುವ ಅನೇಕ ಸಣ್ಣ ಮೈಕ್ರೊಕಂಟ್ರೋಲರುಗಳಲ್ಲಿ ಕೆಲಸಕ್ಕೂ ಟೈಮರಿಗೂ ಒಂದೇ ಮಿಡಿತ. ಅದನ್ನು ಅರ್ಧಕ್ಕೆ ಇಳಿಸಿ, ಪ್ರೋಗ್ರಾಮಿಗೆ ಆ ಸಂಗತಿಯನ್ನು ತಿಳಿಸದಿದ್ದರೆ, ಎರಡು ಸೆಕೆಂಡು ಕಳೆದದ್ದು ಒಂದೇ ಸೆಕೆಂಡೆಂದು ಕಾಣುವುದು. ಲೋಲಕದ ಪ್ರಯೋಗದಲ್ಲಿ ಇದರ ಫಲವನ್ನು ನೋಡಿರಿ. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಆಂದೋಲನದ ಕಾಲವು ವರ್ಗವಾಗಿ ಛೇದದಲ್ಲಿರುವುದರಿಂದ, 9.8ರ ಸ್ಥಾನದಲ್ಲಿ 39.2 ಬರುವುದು. ಇಷ್ಟು ದೊಡ್ಡ ತಪ್ಪನ್ನು ವಿದ್ಯಾರ್ಥಿಯು ಕಂಡುಹಿಡಿದಾನು. ವೇಗವು ನೂರಕ್ಕೆ ಎರಡರಷ್ಟು ಮಾತ್ರ ವ್ಯತ್ಯಾಸವಾದರೆ 9.8ರ ಬದಲು 10.2 ಬಂದೀತು. ಆಗ ಆತನು ದಾರವನ್ನೋ ತನ್ನ ಕಣ್ಣನ್ನೋ ದೂರುವನೇ ಹೊರತು ಗಡಿಯಾರವನ್ನು ಶಂಕಿಸುವುದಿಲ್ಲ.

ಪ್ರೊಸೆಸರನ್ನು ಯಾವಾಗಲೂ ಒಂದೇ ವೇಗದಲ್ಲಿ ಓಡಿಸಿದರಾಯಿತಲ್ಲ ಎಂದು ಕೆಲವರು ಹೇಳುವರು. ಈ ಮಾತನ್ನು ನಾವು ಒಪ್ಪಲಾರೆವು. ಕೆಲಸದಲ್ಲಿ ವ್ಯಯವಾಗುವ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೂ ಮಿಡಿತದ ವೇಗಕ್ಕೂ ಅನುಗುಣವಾಗಿರುವುದು. ಎರಡನ್ನೂ ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಆ ವ್ಯಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬ್ಯಾಟರಿಯನ್ನೇ ನಂಬಿ ಕುಳಿತವರಿಗೆ ಇದು ಸಣ್ಣ ಲಾಭವಲ್ಲ. ಕೆಲಸದ ವೇಗವು ಬದಲಾಗಲಿ; ಕಾಲದ ಎಣಿಕೆ ಮಾತ್ರ ಅದರ ಹಂಗಿನಲ್ಲಿ ಇರಬಾರದು.

ಗಡಿಯಾರಕ್ಕೆ ಸಲ್ಲಬೇಕಾದ ಗೌರವವನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಹಾಸನದಲ್ಲಿಯೇ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. 2023ರ ಮೇ 29ರಂದು ಇಸ್ರೊ ಹಾರಿಸಿದ ಎನ್‌ವಿಎಸ್-01 ಎಂಬ ಪಥದರ್ಶಕ ಉಪಗ್ರಹದಲ್ಲಿ ಸ್ವದೇಶದಲ್ಲಿ ನಿರ್ಮಿಸಿದ ರುಬಿಡಿಯಂ ಪರಮಾಣು ಗಡಿಯಾರವಿತ್ತು. ಬೆಳಕು ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರು ಸಾಗುವುದರಿಂದ, ಇಂತಹ ಗಡಿಯಾರವು ಅಷ್ಟು ತಪ್ಪಿದರೂ ದೂರದ ಲೆಕ್ಕವು 300 ಮೀಟರು ತಪ್ಪುವುದು. ಅಲ್ಲಿ ಕಾಲಮಾಪನವು ಬೇರಾವ ಕೆಲಸದ ಉಪಫಲವಲ್ಲ; ಅದಕ್ಕಾಗಿಯೇ ಪರಮಾಣುವೊಂದರ ಸ್ಥಿರವಾದ ಕಂಪನವನ್ನು ಮೀಸಲಿಟ್ಟಿದೆ.

ಪ್ರಯೋಗಶಾಲೆಗೆ ಪರಮಾಣು ಗಡಿಯಾರವು ಬೇಕಿಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಸ್ ಹರಳುಳ್ಳ ಸಾಮಾನ್ಯ ಕೈಗಡಿಯಾರವೇ ಸಾಕು. ಕಾಲವನ್ನು ಯಾವ ಗಡಿಯಾರದಿಂದ ಅಳೆಯಲಾಯಿತೆಂಬುದನ್ನು ವಿದ್ಯಾರ್ಥಿಯು ತನ್ನ ಪ್ರಯೋಗದ ಪುಸ್ತಕದಲ್ಲಿ ಮೊದಲು ಬರೆಯಲಿ. ಆಮೇಲೆ ಯಂತ್ರದ ಹತ್ತು ನಿಮಿಷವನ್ನು ಕೈಗಡಿಯಾರದ ಹತ್ತು ನಿಮಿಷದೊಡನೆ ಎರಡು ಸಲ ಹೋಲಿಸಲಿ: ಯಂತ್ರವು ಬಿಡುವಾಗಿರುವಾಗ ಒಮ್ಮೆ, ಕೆಲಸದ ಭಾರದಲ್ಲಿರುವಾಗ ಇನ್ನೊಮ್ಮೆ. ಇಪ್ಪತ್ತು ನಿಮಿಷಗಳ ಈ ಶ್ರಮಕ್ಕೆ ನಮ್ಮ ಪಾಠಕ್ರಮದಲ್ಲಿ ಎಡೆಯಿಲ್ಲವೆನ್ನುವುದು ಸರಿಯಲ್ಲ. ಅಳತೆಗೋಲನ್ನೇ ಅಳೆದು ನೋಡದವನು ಅಳೆದುದನ್ನು ನಂಬುವುದು ಹೇಗೆ?