ಗುಟ್ಟಿನ ಗಿರಾಕಿ ಮತ್ತು ನೂರು ರೂಪಾಯಿಯ ಖರೀದಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮನೆಖರ್ಚಿನ ಕುರಿತಾಗಿರುತ್ತವೆ. ಈ ಸಲ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಿಂದ ಬಂದ ಪ್ರಶ್ನೆ ಸ್ವಲ್ಪ ಹೊಸದು. ಆ ಸಹೋದರಿ ಬರೆಯುತ್ತಾರೆ: "ಆಪಾ, ನನ್ನ ಮಗಳು ಬಿ.ಕಾಂ. ಮುಗಿಸಿ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾಳೆ. ‘ಮಿಸ್ಟರಿ ಶಾಪರ್’ ಎಂಬ ಕೆಲಸವಿದೆ ಎಂದು ಅವಳ ಗೆಳತಿ ಹೇಳಿದ್ದಾಳೆ. ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ಏನಾದರೂ ಸಣ್ಣ ವಸ್ತು ಕೊಂಡು, ಅಲ್ಲಿಯವರು ಹೇಗೆ ನಡೆದುಕೊಂಡರು ಎಂದು ಬರೆದು ಕಳಿಸಬೇಕಂತೆ. ವಸ್ತು ನಮಗೇ, ಅದರ ದುಡ್ಡೂ ವಾಪಸು ಬರುತ್ತದಂತೆ. ಇದು ಹಲಾಲ್ ಸಂಪಾದನೆಯೇ? ಏನು ಕೊಂಡರೆ ಒಳ್ಳೆಯದು?"

ಈ ಎರಡು ಪ್ರಶ್ನೆಗಳು ಬೇರೆ ಬೇರೆ ಎಂದು ಕಾಣುತ್ತವೆ. ಆದರೆ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಮೊದಲು ಕೆಲಸ ಏನೆಂದು ನೋಡೋಣ.

ದೊಡ್ಡ ಕಂಪೆನಿಗಳಿಗೆ ಊರೂರಲ್ಲಿ ಅಂಗಡಿಗಳಿರುತ್ತವೆ. ಮಾಲೀಕ ಎಲ್ಲ ಕಡೆ ಕೂತು ನೋಡಲಾಗದು. ಅಧಿಕಾರಿ ಬಂದರೆ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ನಿಜಸ್ಥಿತಿ ತಿಳಿಯುವುದಿಲ್ಲ. ಹಾಗಾಗಿ ಒಂದು ಏಜೆನ್ಸಿಯ ಮೂಲಕ ಸಾಮಾನ್ಯ ಗಿರಾಕಿಯನ್ನು ಕಳಿಸುತ್ತಾರೆ. ಯಾವ ಅಂಗಡಿ, ಎಷ್ಟು ಗಂಟೆಯೊಳಗೆ, ಎಷ್ಟು ರೂಪಾಯಿಯವರೆಗೆ ಖರೀದಿ ಎಂಬುದೆಲ್ಲ ಮೊದಲೇ ಬರವಣಿಗೆಯಲ್ಲಿ ಬರುತ್ತದೆ. ಆಕೆ ಹೋಗಿ ವಸ್ತು ಕೊಳ್ಳಬೇಕು, ಬಿಲ್ ಇಟ್ಟುಕೊಳ್ಳಬೇಕು. ಎಷ್ಟು ಹೊತ್ತು ಕಾಯಬೇಕಾಯಿತು, ನೆಲ ಸ್ವಚ್ಛವಾಗಿತ್ತೇ, ಅವಧಿ ಮುಗಿದ ಸರಕು ಇತ್ತೇ, ಕೇಳದೆಯೇ ಬಿಲ್ ಕೊಟ್ಟರೇ ಎಂಬ ಪ್ರಶ್ನೆಗಳಿಗೆ ಉತ್ತರ ತುಂಬಿ ಕಳಿಸಬೇಕು. ಕೆಲವು ದಿನ ಅಥವಾ ವಾರಗಳ ಬಳಿಕ ಸಂಭಾವನೆಯೂ ಖರೀದಿಯ ಹಣವೂ ಬರುತ್ತದೆ. ಇದೇ ಕೆಲಸ. ಬೆಂಗಳೂರಿನಂಥ ನಗರಗಳ ಸೂಪರ್ ಮಾರ್ಕೆಟ್, ಪೆಟ್ರೋಲ್ ಬಂಕಿನ ಅಂಗಡಿ, ತಿಂಡಿ ಮಳಿಗೆಗಳಲ್ಲಿ ಇದು ನಡೆಯುತ್ತದೆ.

ಹಾಗಾದರೆ ಇದು ಗೂಢಚರ್ಯೆಯಲ್ಲವೇ? ಇತರರ ಗುಟ್ಟು ಕೆದಕಬಾರದೆಂದು ಕುರ್‌ಆನ್‌ನ ಸೂರಃ ಹುಜುರಾತ್ ನಮಗೆ ಕಲಿಸುತ್ತದೆ. ಆದರೆ ಅದು ಜನರ ಖಾಸಗಿ ಬದುಕಿನ ಮಾತು. ಬೀದಿಗೆ ಬಾಗಿಲು ತೆರೆದಿಟ್ಟು ಎಲ್ಲರಿಗೂ ಮಾರುವ ಅಂಗಡಿ ಖಾಸಗಿಯಲ್ಲ. ಇಲ್ಲಿ ಮಾಲೀಕನೇ ನೋಡಿ ಹೇಳಿ ಎಂದು ಕೇಳಿಕೊಂಡಿದ್ದಾನೆ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಒಳಗೆ ಒದ್ದೆಯಾಗಿದ್ದುದನ್ನು ಪತ್ತೆಹಚ್ಚಿ ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಾರುಕಟ್ಟೆಯ ತೂಕ, ಅಳತೆ, ಗುಣಮಟ್ಟ ನೋಡಲು ಮುಹ್ತಸಿಬ್ ಎಂಬ ಅಧಿಕಾರಿಯನ್ನು ನೇಮಿಸುವ ಪದ್ಧತಿ ಮುಸ್ಲಿಮ್ ಆಡಳಿತಗಳಲ್ಲಿ ಶತಮಾನಗಳ ಕಾಲ ಇತ್ತು. ಹಝ್ರತ್ ಉಮರ್(ರ)ರು ಮದೀನಾದ ಮಾರುಕಟ್ಟೆಯ ಕೆಲವು ಜವಾಬ್ದಾರಿಯನ್ನು ಅಕ್ಷರ ಬಲ್ಲ ಮಹಿಳೆ ಶಿಫಾ ಬಿನ್ತ್ ಅಬ್ದುಲ್ಲಾ(ರ)ರಿಗೆ ವಹಿಸಿದ್ದರೆಂದು ಚರಿತ್ರೆಯ ಗ್ರಂಥಗಳಲ್ಲಿ ವರದಿಯಿದೆ. ಅಂಗಡಿಯನ್ನು ಪರೀಕ್ಷಿಸುವ ಹೆಣ್ಣು ನಮಗೆ ಅಪರಿಚಿತಳಲ್ಲ.

ತೊಡಕು ಬೇರೆಡೆ ಇದೆ. ಕೆಲವು ಕೆಲಸಗಳಲ್ಲಿ ಕಥೆ ಕಟ್ಟಿ ಹೇಳಬೇಕಾಗುತ್ತದೆ. ಇಲ್ಲದ ಕಾಯಿಲೆ, ಇಲ್ಲದ ಮದುವೆ, ಕೊಳ್ಳುವ ಉದ್ದೇಶವೇ ಇಲ್ಲದ ವಸ್ತುವಿನ ವಿಚಾರಣೆ. ಇದು ಸುಳ್ಳಾಗುತ್ತದೆ. ಆದರೆ ನೀವು ನಿಜವಾಗಿ ಬೇಕಾದ ವಸ್ತುವನ್ನೇ ಕೊಂಡರೆ ಕಥೆ ಕಟ್ಟುವ ಅಗತ್ಯವೇ ಇಲ್ಲ. ಮನೆಯಲ್ಲಿ ಸೋಪು ಮುಗಿದಿದೆ, ನೀವು ಸೋಪು ಕೇಳುತ್ತೀರಿ, ಕೊಳ್ಳುತ್ತೀರಿ, ಬಳಸುತ್ತೀರಿ. ಆಗ ನೀವು ನಟಿಸುತ್ತಿಲ್ಲ, ಗಿರಾಕಿಯೇ ಆಗಿದ್ದೀರಿ. ನೋಡಿದ್ದನ್ನು ಬರೆಯುತ್ತೀರಿ, ಅಷ್ಟೆ. ಆದ್ದರಿಂದ ‘ಏನು ಕೊಳ್ಳಬೇಕು’ ಎಂಬ ಪ್ರಶ್ನೆ ಬರೀ ಲಾಭದ ಪ್ರಶ್ನೆಯಲ್ಲ. ಸರಿಯಾದ ವಸ್ತು ಆರಿಸಿದರೆ ಮನೆಗೂ ಉಳಿತಾಯ, ಮಾತಿಗೂ ಸತ್ಯ. ಮದ್ಯ, ಸಿಗರೇಟು, ಗುಟ್ಕಾ ಕೊಳ್ಳಬೇಕಾದ ಕೆಲಸ ಬಂದರೆ ಬೇಡವೆಂದು ಹೇಳಿಬಿಡಿ.

ಈಗ ಖರೀದಿಗೆ ಬರೋಣ. ಇಂಥ ಅಂಗಡಿಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಬಿಲ್ ಕೌಂಟರಿನ ಬಳಿಯ ಚಾಕಲೇಟು, ಚಿಪ್ಸು, ತಂಪು ಪಾನೀಯ. ದುಡ್ಡು ವಾಪಸು ಬರುತ್ತದಲ್ಲ ಎಂದು ಹುಡುಗಿಯರು ಅದನ್ನೇ ಎತ್ತಿಕೊಳ್ಳುತ್ತಾರೆ. ಐದು ನಿಮಿಷದಲ್ಲಿ ತಿಂದು ಮುಗಿಯುತ್ತದೆ. ಅದರ ಬದಲು ಮನೆಯ ಸಾಮಾನಿನ ಚೀಟಿಯನ್ನು ಪರ್ಸಿನಲ್ಲಿಡಿ. ಐವತ್ತು ರೂಪಾಯಿಯ ಮಿತಿ ಇದ್ದರೆ ಉಪ್ಪು, ಬೆಂಕಿಪೊಟ್ಟಣ, ಸೂಜಿದಾರ, ಮಕ್ಕಳ ಪೆನ್ಸಿಲು, ಬಟ್ಟೆ ಸೋಪು. ನೂರು ಇದ್ದರೆ ಅರ್ಧ ಕೆ.ಜಿ. ಬೇಳೆ, ಟೂತ್‌ಪೇಸ್ಟು, ಸ್ಯಾನಿಟರಿ ಪ್ಯಾಡು, ಇಫ್ತಾರಿಗೆ ಒಂದು ಪುಟ್ಟ ಪೊಟ್ಟಣ ಖರ್ಜೂರ. ಹಾಳಾಗದ, ಹೇಗಿದ್ದರೂ ಕೊಳ್ಳಲೇಬೇಕಾದ ವಸ್ತು ಮೊದಲು. ಮಿತಿಗಿಂತ ಮೇಲಿನದು ನಿಮ್ಮ ಕೈಯಿಂದ ಹೋಗುತ್ತದೆ ಎಂಬುದು ನೆನಪಿರಲಿ. ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ ಎಷ್ಟೇ ರುಚಿಯಾಗಿರಲಿ, ಗಾಡಿಯವರು ಬಿಲ್ ಕೊಡುವುದಿಲ್ಲ. ಅದು ನಿಮ್ಮ ಖರ್ಚಿನಲ್ಲೇ ಆಗಬೇಕು!

ಪೊಟ್ಟಣ ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಇಷ್ಟು. ಇದು ಮಿಸ್ಟರಿ ಶಾಪರ್‌ಗೆ ಮಾತ್ರವಲ್ಲ, ನಮ್ಮೆಲ್ಲರಿಗೂ ಬೇಕು.

ಒಂದು, ತೂಕ. ಐದು, ಹತ್ತು ರೂಪಾಯಿಯ ಪೊಟ್ಟಣಗಳ ಬೆಲೆ ಹಾಗೇ ಇರುತ್ತದೆ, ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಈಗ ಹೆಚ್ಚಿನ ಪೊಟ್ಟಣಗಳ ಮೇಲೆ ಒಂದು ಗ್ರಾಂ ಅಥವಾ ಒಂದು ಮಿ.ಲೀ.ಗೆ ಎಷ್ಟು ಎಂಬುದನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಅದನ್ನು ಹೋಲಿಸಿ. ಉದಾಹರಣೆಗೆ 10 ರೂಪಾಯಿಗೆ 40 ಗ್ರಾಂ ಎಂದರೆ ಗ್ರಾಂಗೆ 25 ಪೈಸೆ. 60 ರೂಪಾಯಿಗೆ 300 ಗ್ರಾಂ ಎಂದರೆ 20 ಪೈಸೆ. ಆದರೆ ದೊಡ್ಡದು ಯಾವಾಗಲೂ ಅಗ್ಗ ಎಂದು ತಿಳಿಯಬೇಡಿ. ಶಾಂಪೂವಿನಲ್ಲಿ ಅನೇಕ ಸಲ ಬಾಟಲಿಗಿಂತ ಸ್ಯಾಶೆಯೇ ಅಗ್ಗ ಬೀಳುತ್ತದೆ.

ಎರಡು, ಬೆಲೆ. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ‘ಫ್ರಿಜ್ಜಿನಲ್ಲಿಟ್ಟಿದ್ದೇವೆ’ ಎಂದು ಅದರ ಮೇಲೆ ಒಂದೆರಡು ರೂಪಾಯಿ ಕೇಳುವುದು ಕಾನೂನಿಗೆ ವಿರುದ್ಧ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟು, ಬಿಸ್ಕತ್ತುಗಳ ಮೇಲಿನ ಜಿ.ಎಸ್.ಟಿ. 18ರಿಂದ 5 ಶೇಕಡಕ್ಕೆ ಇಳಿದಿದೆ. ಪೆನ್ಸಿಲು, ರಬ್ಬರು, ನೋಟುಪುಸ್ತಕಗಳಿಗೆ ತೆರಿಗೆಯೇ ಇಲ್ಲ. ಅದೇ ದಿನದಿಂದ ರೈಲು ನಿಲ್ದಾಣಗಳಲ್ಲಿ ಸಿಗುವ ‘ರೈಲ್ ನೀರ್’ ಒಂದು ಲೀಟರಿಗೆ 15 ರೂಪಾಯಿಯಿಂದ 14ಕ್ಕೂ, ಅರ್ಧ ಲೀಟರಿಗೆ 10ರಿಂದ 9ಕ್ಕೂ ಇಳಿಯಿತು. ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯಲ್ಲಿ ರೈಲು ಹತ್ತುವವರು ಇದನ್ನು ನೆನಪಿಡಿ. ಉಳಿದ ಒಂದು ರೂಪಾಯಿಯನ್ನು ಕೇಳಿ ಪಡೆಯುವುದು ಜಿಪುಣತನವಲ್ಲ. ಚಿಲ್ಲರೆಯ ಬದಲು ಪೆಪ್ಪರ್‌ಮೆಂಟ್ ಕೊಟ್ಟರೆ ಬೇಡ ಎನ್ನುವ ಹಕ್ಕು ನಿಮಗಿದೆ. ರೈಲ್ವೆಯ ದೂರಿಗೆ 139, ಉಳಿದ ಖರೀದಿಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಮೂರು, ಒಳಗೇನಿದೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಕೆಲವೊಮ್ಮೆ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಯಾವ ಪ್ರಾಣಿಯದೆಂದು ಪೊಟ್ಟಣ ಹೇಳುವುದಿಲ್ಲ. ಮಕ್ಕಳಿಗೆ ಕೊಡುವ ಮುನ್ನ ಒಮ್ಮೆ ತಿರುಗಿಸಿ ಓದಿ.

ನಾಲ್ಕು, ಹೆಸರಿಗೆ ಮೋಸ ಹೋಗಬೇಡಿ. ಮಗುವಿಗೆ ಭೇದಿಯಾದಾಗ ಅಂಗಡಿಯಿಂದ ‘ಓ.ಆರ್.ಎಸ್.’ ಎಂದು ಬರೆದ ಸಿಹಿ ಪಾನೀಯದ ಡಬ್ಬಿಗಳನ್ನು ಎಷ್ಟೋ ತಾಯಂದಿರು ತಂದು ಕುಡಿಸಿದ್ದಾರೆ. ನಿಜವಾದ ಓ.ಆರ್.ಎಸ್. ಪುಡಿಯಲ್ಲಿ ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳು ಅಳತೆಯಲ್ಲಿರುತ್ತವೆ. ಸಕ್ಕರೆ ಹೆಚ್ಚಾದ ಪಾನೀಯ ಭೇದಿಯನ್ನು ಇನ್ನೂ ಹೆಚ್ಚಿಸಬಹುದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಳ ಕಾಲ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳು ಆ ಹೆಸರು ಬಳಸಬಾರದೆಂದು ಆದೇಶಿಸಿತು. ಔಷಧದ ಅಂಗಡಿಯಿಂದ ಡಬ್ಲ್ಯು.ಎಚ್.ಓ. ಸೂತ್ರದ ಎರಡು ಪುಡಿ ಪೊಟ್ಟಣ ತಂದಿಡಿ. ಸಣ್ಣ ಖರೀದಿಗಳಲ್ಲಿ ಅದಕ್ಕಿಂತ ಬೆಲೆಬಾಳುವುದು ಕಡಿಮೆ.

ಇನ್ನು ಸಂಪಾದನೆಯ ಲೆಕ್ಕ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮಂದಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ರೂಢಿಯಾಗಿದೆ. ಮನೆಗೆ ನಾಲ್ಕು ಕಾಸು ಸೇರಿಸಬೇಕೆಂಬ ಹೆಣ್ಣುಮಕ್ಕಳ ಹಂಬಲ ನಮಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ಸರಿಯಾಗಿರಲಿ. 150 ರೂಪಾಯಿ ಸಂಭಾವನೆಯ ಕೆಲಸಕ್ಕೆ ಆಟೋಗೆ 80 ಕೊಟ್ಟು, ಎರಡು ಗಂಟೆ ಕಳೆದು, ರಾತ್ರಿ ಕೂತು ವರದಿ ಬರೆದರೆ ಉಳಿಯುವುದು 70. ಹೇಗಿದ್ದರೂ ಸೀಸನ್ ಟಿಕೇಟಿನಲ್ಲಿ ಹೋಗುವ ಹುಡುಗಿ ತನ್ನ ಆಫೀಸಿನ ದಾರಿಯಲ್ಲೇ ಇರುವ ಅಂಗಡಿಯನ್ನು ಒಪ್ಪಿಕೊಂಡರೆ ಮಾತ್ರ ಗಿಟ್ಟುತ್ತದೆ. ಇದು ಕೈಖರ್ಚಿಗೆ ಸರಿ, ಸಂಬಳದ ಬದಲಿಯಲ್ಲ.

ಅದಕ್ಕಿಂತ ದೊಡ್ಡ ಅಪಾಯ ವಂಚಕರದು. ನಿಜವಾದ ಏಜೆನ್ಸಿ ನಿಮ್ಮಿಂದ ನೋಂದಣಿ ಶುಲ್ಕ ಕೇಳುವುದಿಲ್ಲ, ಠೇವಣಿ ಕೇಳುವುದಿಲ್ಲ. ವಾಟ್ಸಾಪ್, ಟೆಲಿಗ್ರಾಮಿನಲ್ಲಿ ಬಂದು, ಮೊದಲು ನೂರಿನ್ನೂರು ಕೊಟ್ಟು ನಂಬಿಸಿ, ಆಮೇಲೆ ಸಾವಿರ ಕಟ್ಟಿದರೆ ಎರಡು ಸಾವಿರ ಎನ್ನುವವರು ಕಳ್ಳರು. ಓ.ಟಿ.ಪಿ., ಬ್ಯಾಂಕಿನ ಪಿನ್ ಕೇಳಿದರೂ ಅಷ್ಟೆ. ಒಡವೆ ಅಡವಿಟ್ಟು ಕಟ್ಟುವವರೆಗೆ ಈ ಜಾಲ ಎಳೆದುಕೊಂಡು ಹೋಗುತ್ತದೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಸಿಗುವ ಆಸೆ ಕಡಿಮೆ. ಮನೆಯವರು ಬೈಯುತ್ತಾರೆಂದು ಹೆದರಿ ಹುಡುಗಿಯರು ಮುಚ್ಚಿಡುತ್ತಾರೆ. ತಾಯಂದಿರೇ, ಮೊದಲು ಕರೆ, ಆಮೇಲೆ ಮಾತು.

ಕೊನೆಯದಾಗಿ, ಸಹೋದರಿಯ ಮಗಳಿಗೆ ಒಂದು ಮಾತು. ಬಿಲ್ ಕೌಂಟರಿನಲ್ಲಿ ನಿಂತ ಹುಡುಗಿಯೂ ನಿನ್ನಂತೆಯೇ ಯಾವುದೋ ಊರಿಂದ ಬೆಳಿಗ್ಗೆ ರೈಲು ಹಿಡಿದು ಬಂದಿರಬಹುದು. ಇಡೀ ದಿನ ನಿಂತೇ ಇರುತ್ತಾಳೆ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ನೆರೆಯ ತಮಿಳುನಾಡು 2021ರಲ್ಲಿ ಕಾನೂನು ಮಾಡಬೇಕಾಯಿತು ಎಂದರೆ ಅವರ ಕಷ್ಟ ಎಷ್ಟಿರಬೇಕು! ನೀನು ಫಾರ್ಮಿನಲ್ಲಿ ‘ನಗಲಿಲ್ಲ’ ಎಂದು ಒಂದು ಗುರುತು ಹಾಕಿದರೆ ಅವಳ ಸಂಬಳಕ್ಕೆ, ಕೆಲವೊಮ್ಮೆ ಕೆಲಸಕ್ಕೇ ಕುತ್ತು ಬರಬಹುದು. ನಿನ್ನ ವರದಿ ಒಂದು ಸಾಕ್ಷ್ಯ. ಕಂಡದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ. ಸಾಲಿನಲ್ಲಿ ಹನ್ನೆರಡು ಮಂದಿ ಇದ್ದರು, ಕೌಂಟರ್ ಒಂದೇ ತೆರೆದಿತ್ತು ಎಂಬುದನ್ನೂ ಬರೆ. ತಪ್ಪಿದ್ದರೆ ಮುಚ್ಚಿಡಬೇಡ, ಅವಧಿ ಮುಗಿದ ಹಾಲಿನ ಪುಡಿ ಇನ್ನೊಬ್ಬ ತಾಯಿಯ ಕೈಗೆ ಹೋಗಬಾರದು. ಒಳ್ಳೆಯದಿದ್ದರೆ ಅದನ್ನೂ ಬಿಡಬೇಡ. ಕೊಂಡ ವಸ್ತುವನ್ನು ಹಿಂದಿರುಗಿಸಿ ಹಣ ಪಡೆದು, ಅದೇ ಬಿಲ್ಲನ್ನು ಏಜೆನ್ಸಿಗೂ ಕಳಿಸುವವರಿದ್ದಾರೆಂದು ಕೇಳಿದ್ದೇನೆ. ಅದು ಕಳ್ಳತನ, ಬೇರೆ ಹೆಸರಿಲ್ಲ. ಅಳತೆಯಲ್ಲಿ ಕಡಿಮೆ ಮಾಡುವವರಿಗೆ ಸೂರಃ ಮುತಫ್ಫಿಫೀನ್ ನೀಡುವ ಎಚ್ಚರಿಕೆ ತಕ್ಕಡಿ ಹಿಡಿದವರಿಗೆ ಮಾತ್ರವಲ್ಲ, ಇನ್ನೊಬ್ಬರನ್ನು ಅಳೆಯುವ ಪೆನ್ನು ಹಿಡಿದವರಿಗೂ ಸಲ್ಲುತ್ತದೆ.

ಆದುದರಿಂದ ಸಹೋದರಿ, ನಿಮ್ಮ ಪ್ರಶ್ನೆಗೆ ಉತ್ತರ ಹೀಗೆ: ಏಜೆನ್ಸಿ ನಿಜವಾದದ್ದಾಗಿ, ವಸ್ತು ಹಲಾಲ್ ಆಗಿ, ವರದಿ ಸತ್ಯವಾಗಿದ್ದರೆ ಈ ಸಂಪಾದನೆಯಲ್ಲಿ ತಪ್ಪು ಕಾಣುವುದಿಲ್ಲ. ಮಗಳ ಕೈಗೆ ಮನೆಯ ಚೀಟಿ ಕೊಟ್ಟು ಕಳಿಸಿ. ಟನ್ನುಗಟ್ಟಲೆ ಕಲ್ಲು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆದ ಊರಿನವರು ನಾವು. ಗ್ರಾಂಗೂ ಪೈಸೆಗೂ ಲೆಕ್ಕ ಇಡುವುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಅಲ್ಲಾಹನು ನಿಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ.