ನೋವು ಹೇಳುವುದು ನೆಪವಲ್ಲ

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಟೀಚರ್ ಹೇಳಿದಾಗ ಎಲ್ಲರೂ ಕವನ, ಒಗಟು, ಗಾದೆ ಕೊಟ್ಟರು. ನಾನು ನನ್ನ ಕಾಲಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಇದರಲ್ಲಿ ನನ್ನದೊಂದು ಅಭಿಪ್ರಾಯ ಇದೆ. ಆಟದಲ್ಲಿ ಯಾರಾದರೂ ನೋವು ಎಂದರೆ ಅದನ್ನು ನೆಪ ಎನ್ನಬಾರದು. ನೋವಾದವರೂ ಅದನ್ನು ಮುಚ್ಚಿಡಬಾರದು.

ನಮ್ಮ ಶಾಲೆಯ ಹುಡುಗಿಯರ ರಿಲೇ ತಂಡ ಈ ವರ್ಷ ಹೋಬಳಿ ಮಟ್ಟದಲ್ಲಿ ಗೆದ್ದದ್ದು ನಿಮಗೆಲ್ಲ ಗೊತ್ತು. ನಾಲ್ಕು ಜನ, ತಲಾ ೧೦೦ ಮೀಟರ್. ಕೊನೆಯ ೧೦೦ ಮೀಟರ್ ನನ್ನದು. ತಾಲ್ಲೂಕು ಮಟ್ಟಕ್ಕೆ ಇನ್ನು ಮೂರು ವಾರ ಇತ್ತು. ಅಲ್ಲೂ ಗೆದ್ದರೆ ಜಿಲ್ಲೆಗೆ ಹೋಗಬಹುದು ಅಂತ ನನಗೆ ಆಸೆ ಹತ್ತಿತು. ಶಾಲೆಯ ಅಭ್ಯಾಸ ಸಾಲದು ಎಂದು ನಸುಕಿಗೇ ಎದ್ದು ಟಾರು ರಸ್ತೆಯಲ್ಲಿ ಬರಿಗಾಲಲ್ಲಿ ಕೆರೆ ಏರಿಯವರೆಗೆ ಓಡತೊಡಗಿದೆ. ಮೊದಲ ದಿನ ಒಂದು ಸಲ. ಮೂರನೇ ದಿನಕ್ಕೇ ಮೂರು ಸಲ. ಒಂದು ದಿನವೂ ಬಿಡುವು ಕೊಡಲಿಲ್ಲ.

ಒಂದು ವಾರಕ್ಕೆ ಬಲಗಾಲು ನೋಯಲು ಶುರುವಾಯಿತು. ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬಿನ ಒಳಮಗ್ಗುಲಲ್ಲಿ ಉದ್ದಕ್ಕೂ ನೋವು. ಮೊದಮೊದಲು ಸ್ವಲ್ಪ ಓಡಿದ ಮೇಲೆ ಕಡಿಮೆಯಾಗುತ್ತಿತ್ತು. ಆಮೇಲೆ ಓಡುವಾಗಲೂ ನೋವು, ಮೆಟ್ಟಿಲು ಹತ್ತುವಾಗಲೂ ನೋವು. ಅವ್ವ "ಯಾಕೆ ಕುಂಟ್ತಿದ್ದೀಯ?" ಅಂದರೆ "ಮುಳ್ಳು ಚುಚ್ಚಿತ್ತು ಕಣವ್ವ" ಅಂತ ಸುಳ್ಳು ಹೇಳಿದೆ. ಮೇಷ್ಟ್ರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಅದಕ್ಕೊಂದು ಕಾರಣ ಇದೆ. ಹೋದ ವರ್ಷ ಖೊಖೊ ಪಂದ್ಯದ ದಿನ ನಮ್ಮ ತರಗತಿಯ ಒಬ್ಬಳು ಕಾಲು ನೋವು ಎಂದು ಕೂತಳು. ನಾವೆಲ್ಲ ಅವಳನ್ನು "ನೆಪದ ರಾಣಿ" ಅಂತ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಈಗ ನನಗೂ ಅದೇ ಹೆಸರು ಇಡುತ್ತಾರೆ ಅಂತ ಭಯವಾಯಿತು.

ತಾಲ್ಲೂಕು ಪಂದ್ಯದ ದಿನ ನಮ್ಮ ತಂಡ ಎರಡನೇ ಸ್ಥಾನದಲ್ಲಿತ್ತು. ಕೋಲು ನನ್ನ ಕೈಗೆ ಬಂತು. ಅರ್ಧ ದೂರ ಹೋಗುವಷ್ಟರಲ್ಲಿ ಕಾಲು ಊರಲು ಆಗಲಿಲ್ಲ. ಕುಂಟುತ್ತಾ ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ಮೂವರು ಗೆಳತಿಯರು ಓಡಿದ್ದೆಲ್ಲ ದಂಡವಾಯಿತು. ಹೆಚ್ಚುವರಿ ಆಟಗಾರ್ತಿ ಪಕ್ಕದಲ್ಲೇ ಕೂತಿದ್ದಳು. ಅವಳ ಕಾಲು ಚೆನ್ನಾಗಿತ್ತು. ಒಂದು ದಿನ ಮೊದಲು ನಾನು ಬಾಯಿಬಿಟ್ಟಿದ್ದರೂ ಅವಳು ಓಡುತ್ತಿದ್ದಳು. ಅವಳು ಬೇರೆ ಯಾರೂ ಅಲ್ಲ, ನಾವು ನೆಪದ ರಾಣಿ ಅಂದವಳೇ. ಬಸ್ಸಿನವರೆಗೆ ನನ್ನ ಚೀಲ ಹೊತ್ತುಕೊಂಡು ಬಂದವಳೂ ಅವಳೇ.

ಮಾರನೇ ದಿನ ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಎಲುಬಿನ ಉದ್ದಕ್ಕೂ ಒತ್ತಿ ನೋಡಿದರು. ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋದಂತೆ ನೋಯುತ್ತಾ, ರಾತ್ರಿ ಮಲಗಿದಾಗಲೂ ನೋಯುತ್ತಾ ಅಂತ ಕೇಳಿದರು. ಹಾಗಿದ್ದರೆ ಎಲುಬು ಬಿರುಕು ಬಿಟ್ಟಿರಬಹುದಂತೆ. ಪುಣ್ಯಕ್ಕೆ ನನಗೆ ಹಾಗಿರಲಿಲ್ಲ. ಓಡುವಾಗ ಎಲುಬಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ, ಬಿಡುವು ಕೊಟ್ಟರೆ ಅದು ತಾನೇ ಗಟ್ಟಿಯಾಗುತ್ತದೆ, ಕೊಡದಿದ್ದರೆ ನೋವಾಗುತ್ತದೆ ಎಂದು ಬಿಡಿಸಿ ಹೇಳಿದರು. "ನೋವು ಬಂದ ಕೂಡಲೇ ನಿಲ್ಲಿಸಿದ್ದರೆ ಇಷ್ಟು ದಿನ ಹಿಡೀತಿರಲಿಲ್ಲ" ಅಂದರು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯಿತು ನನ್ನ ಕಥೆ.

ಆರು ವಾರ ಓಡಲಿಲ್ಲ. ಮೊದಲು ತಣ್ಣೀರು ಬಟ್ಟೆ ಕಟ್ಟಿ ಕಾಲು ಮೇಲಿಟ್ಟು ಕೂತೆ. ನೋವು ಹೋದ ಮೇಲೆ ಬರೀ ನಡಿಗೆ. ಈಗ ಸ್ವಲ್ಪ ಓಟ, ಸ್ವಲ್ಪ ನಡಿಗೆ, ಅದೂ ದಿನ ಬಿಟ್ಟು ದಿನ, ಮೆತ್ತನೆ ಮಣ್ಣಿನ ಮೇಲೆ. ಮಾರನೇ ದಿನ ಬೆಳಗ್ಗೆ ನೋವು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಓಡುವುದಕ್ಕಿಂತ ಓಡದೆ ಇರುವುದೇ ಕಷ್ಟ ಅಂತ ನನಗೆ ಈಗ ಗೊತ್ತಾಗಿದೆ.

ಪಿ. ಟಿ. ಉಷಾ ಅವರ ವಿಷಯ ಕೇಳಿ. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ೪೦೦ ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅವರಿಗೆ ಕಂಚು ತಪ್ಪಿತು. ೧೯೮೮ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಹಿಮ್ಮಡಿ ನೋವು. ಆ ಓಟದಲ್ಲಿ ಮೊದಲ ಸುತ್ತೂ ದಾಟಲಾಗಲಿಲ್ಲ. ಆದರೆ ೧೯೮೯ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ೪ ಚಿನ್ನ, ೨ ಬೆಳ್ಳಿ ಗೆದ್ದರು. ಅಷ್ಟು ದೊಡ್ಡ ಓಟಗಾರ್ತಿಯ ಕಾಲಿಗೇ ನೋವು ಬರುತ್ತದೆ ಎಂದ ಮೇಲೆ ನಮ್ಮ ಕಾಲೇನು ಕಬ್ಬಿಣವೇ? ನೋವಾಯಿತು ಅಂತ ಎಲ್ಲ ಮುಗಿದು ಹೋಗುವುದೂ ಇಲ್ಲ.

ಕೆಲವರು ಹೇಳಬಹುದು, ಕೇಳಿದವರಿಗೆಲ್ಲ ಬಿಡುವು ಕೊಟ್ಟರೆ ಸೋಮಾರಿಗಳೂ ನೋವು ಅಂತಾರೆ ಎಂದು. ಹೇಳಲಿ ಬಿಡಿ. ಸುಳ್ಳು ಹೇಳಿದವರನ್ನು ನಂಬಿದರೆ ಒಂದು ದಿನದ ಅಭ್ಯಾಸ ಹೋಗುತ್ತದೆ. ನಿಜ ಹೇಳಿದವರನ್ನು ನಂಬದಿದ್ದರೆ ಕಾಲೇ ಹೋಗಬಹುದು. ಯಾವುದು ದೊಡ್ಡ ನಷ್ಟ? ಇನ್ನೊಂದು ಉಪಾಯವೂ ಇದೆ. ನೋವು ಎಂದವರು ಮನೆಗೆ ಹೋಗದೆ ಮೈದಾನದಲ್ಲೇ ಕೂತು ಸುತ್ತು ಎಣಿಸಲಿ. ನಾನು ಎಣಿಸಿದ್ದೇನೆ. ಸುಮ್ಮನೆ ಸುಳ್ಳು ಹೇಳಿ ಆ ಕೆಲಸ ಮಾಡಲು ಯಾರೂ ಬರುವುದಿಲ್ಲ.

ಮೇಷ್ಟ್ರ ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನು ಹೇಳಿದ್ದರೆ ತಾನೆ ಅವರಿಗೆ ಗೊತ್ತಾಗೋದು? ಆದರೂ ಗುರುಗಳಲ್ಲಿ ಎರಡು ವಿನಂತಿ. ದಿನಾ ಅಭ್ಯಾಸಕ್ಕೆ ಮೊದಲು "ಯಾರಿಗಾದರೂ ನೋವಿದೆಯಾ?" ಎಂದು ಒಂದು ಮಾತು ಕೇಳಿ. ಹೆಚ್ಚುವರಿ ಆಟಗಾರರಿಗೂ ದಿನಾ ಕೋಲು ಕೊಟ್ಟು ಓಡಿಸಿ. ಗೆಳೆಯ ಗೆಳತಿಯರಲ್ಲಿ ಒಂದೇ ವಿನಂತಿ. ನೆಪ ಎಂಬ ಮಾತನ್ನು ಮೈದಾನದಲ್ಲಿ ಆಡಬೇಡಿ.

ಇದನ್ನು ಅಂಟಿಸುವ ಮೊದಲು ಅವಳಿಗೆ ತೋರಿಸಿ ಕ್ಷಮೆ ಕೇಳಿದೆ. ಅವಳು ಪೂರ್ತಿ ಓದಿ, "ಎರಡು ಕಾಗುಣಿತ ತಪ್ಪಿದೆ, ತಿದ್ದು" ಅಂದಳು. ತಿದ್ದಿದ್ದೇನೆ. ಮುಂದಿನ ಸಲ ಕೊನೆಯ ೧೦೦ ಮೀಟರ್ ಅವಳೇ ಓಡಲಿ ಎಂದು ಮೇಷ್ಟ್ರಿಗೆ ಹೇಳಿದ್ದೇನೆ. ನನ್ನ ಕಾಲು ಪೂರ್ತಿ ವಾಸಿಯಾದರೆ ಅವಳಿಗೆ ಕೋಲು ಕೊಡುವವಳು ನಾನು.

– ೭ನೇ ತರಗತಿಯ ವಿದ್ಯಾರ್ಥಿನಿ